ಖಾಲಿ ಎಂದು ಬರೆದ ನೆಲ



ಕಳೆದ ಮೇ ತಿಂಗಳ ಒಂದು ಸಂಜೆ ದೆಹಲಿಯ ದ್ವಾರಕಾದ ನಮ್ಮ ಮನೆಯಲ್ಲಿ ಮೊಮ್ಮಗಳು ಶಾಲೆಗೆಂದು ಪೋಸ್ಟರ್ ಮಾಡುತ್ತ ಕೂತಿದ್ದಳು. ಎಂಟನೇ ಕ್ಲಾಸು. ಟೀಚರು ಕೊಟ್ಟ ವಿಷಯ, ಮರುಭೂಮಿಯಲ್ಲಿ ಸೌರಶಕ್ತಿ. ಹೊರಗೆ ರಾಜಸ್ಥಾನದ ಕಡೆಯಿಂದ ಆಂಧಿ, ಅಂದರೆ ಧೂಳಿನ ಬಿರುಗಾಳಿ, ಎದ್ದಿತ್ತು. ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ತೆಳ್ಳಗೆ ಮಣ್ಣು ಕೂತಿತ್ತು. ಅವಳು ಬಣ್ಣದ ಪೆಟ್ಟಿಗೆ ತೆಗೆಯಲಿಲ್ಲ. ಫೋನಿನಲ್ಲಿ ಎಐಗೆ ಇಂಗ್ಲಿಷಿನ ಒಂದು ಸಾಲು ಬರೆದಳು. ಅರ್ಧ ನಿಮಿಷದೊಳಗೆ ಚಿತ್ರ ಬಂತು.

ಚಿತ್ರ ಚೆನ್ನಾಗಿತ್ತು. ಹೊನ್ನಿನ ಬಣ್ಣದ ಮರಳು ಅಲೆ ಅಲೆಯಾಗಿ ಹಬ್ಬಿತ್ತು. ಆ ಅಲೆಗಳ ನಡುವೆ ಹೊಳೆ ಹರಿದ ಹಾಗೆ ನೀಲಿ ಸೋಲಾರ್ ಪ್ಲೇಟುಗಳ ಸಾಲು, ದೂರದಲ್ಲಿ ಮೂರು ಒಂಟೆ, ಎಡಕ್ಕೆ ಮುಳುಗುವ ಸೂರ್ಯ. ಎಲ್ಲಿಯೂ ಒಂದು ಚಿಟಿಕೆ ಧೂಳಿಲ್ಲ.

"ಹೇಗಿದೆ ತಾತ?" ಅಂದಳು. ಅರ್ಧ ಪ್ಲೇಟುಗಳು ಸೂರ್ಯನಿಗೆ ಬೆನ್ನು ಹಾಕಿ ನಿಂತಿರುವುದನ್ನು ತೋರಿಸಿದೆ. ಅವಳನ್ನು ಒಮ್ಮೆ ಜಂತರ್ ಮಂತರ್‌ಗೆ ಕರೆದುಕೊಂಡು ಹೋಗಿದ್ದೆ. ಮರುಭೂಮಿಯ ಅಂಚಿನ ಆಂಬೇರಿನಿಂದ ಬಂದ ಸವಾಯಿ ಜಯಸಿಂಹ 1724ರಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ ಎಂಬ ನೆರಳುಗಡಿಯಾರದ ಓರೆಗೋಡೆ ದೆಹಲಿಯ ಅಕ್ಷಾಂಶದಷ್ಟೇ, ಅಂದರೆ ಸುಮಾರು 28 ಡಿಗ್ರಿ ಚಿಲ್ಲರೆ, ಏರಿ ನಿಂತಿದೆ. ನಮ್ಮ ತಾರಸಿಯ ಮೇಲಿನ ಪ್ಲೇಟುಗಳನ್ನೂ ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಕೂರಿಸುತ್ತಾರೆ. ಅದನ್ನು ನೆನಪಿಸಿದೆ. ಅವಳು ಇನ್ನೊಂದು ಸಾಲು ಬರೆದು ಸರಿ ಮಾಡಿಸಿದಳು. ಆಮೇಲೆ ಕೇಳಿದೆ: "ಈ ಪ್ಲೇಟು ಒರೆಸೋರು ಯಾರಮ್ಮಾ? ಇಲ್ಲಿ ಯಾರೂ ಕಾಣೋದಿಲ್ವಲ್ಲ."

"ಡೆಸರ್ಟಲ್ಲಿ ಯಾರೂ ಇರಲ್ಲ ತಾತ. ಅದಕ್ಕೇ ತಾನೇ ಅಲ್ಲಿ ಹಾಕೋದು?"

ಆ ಮಾತಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಈ ಉಪನ್ಯಾಸವೇ ನನ್ನ ಉತ್ತರ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ತಪ್ಪು ತಿಳಿಯಬಾರದು. ಸೌರಶಕ್ತಿ ಬೇಕು, ಬೇಗ ಬೇಕು. ದೀಪಾವಳಿ ಕಳೆದ ಮೇಲೆ ಈ ಊರಿನ ಗಾಳಿ ಎಂಥದೆಂದು ಈ ಸಭೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. 2025ರ ಜನವರಿಯಲ್ಲಿ ದೇಶದ ಸೌರ ಸಾಮರ್ಥ್ಯ 100 ಗಿಗಾವಾಟ್ ದಾಟಿದ ಸುದ್ದಿ ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ನನ್ನ ಚಿಂತೆ ಇರುವುದು ಚಿತ್ರದ ಬಗ್ಗೆ. ಒಂದು ನೆಲವನ್ನು ನಾವು ಮೊದಲು ಚಿತ್ರದಲ್ಲಿ ಖಾಲಿ ಮಾಡುತ್ತೇವೆ, ಆಮೇಲೆ ಕಾಗದದಲ್ಲಿ, ಕೊನೆಗೆ ನೆಲದ ಮೇಲೆ. ಈಗ ಚಿತ್ರ ಬರೆಯುವ ಕೆಲಸ ಯಂತ್ರದ ಕೈಗೆ ಬಂದಿರುವುದರಿಂದ ಈ ಕ್ರಮ ಬಹಳ ಚುರುಕಾಗಿಬಿಟ್ಟಿದೆ.

ಚಿತ್ರ ಬರೆಯುವ ಎಐ ಕೆಲಸ ಮಾಡುವ ಬಗೆಯನ್ನು ಆಂಧಿ ಕಂಡ ದೆಹಲಿಯವರಿಗೆ ವಿವರಿಸುವುದು ಸುಲಭ. ಒಂದು ಫೋಟೋ ತೆಗೆದುಕೊಳ್ಳಿ. ಅದರ ಮೇಲೆ ಒಂದು ಹಿಡಿ ಧೂಳು ಎರಚಿ. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ಕೊನೆಗೆ ಫೋಟೋ ಮುಚ್ಚಿಹೋಗಿ ಬರೀ ಧೂಳು ಉಳಿಯುತ್ತದೆ. ಈ ಧೂಳನ್ನು ಒಂದೊಂದೇ ಪದರವಾಗಿ ಒರೆಸಿ ಒಳಗಿನ ಚಿತ್ರ ತೆಗೆಯುವುದನ್ನು ಯಂತ್ರಕ್ಕೆ ಅಭ್ಯಾಸ ಮಾಡಿಸುತ್ತಾರೆ. ಕೋಟಿ ಕೋಟಿ ಫೋಟೋಗಳ ಮೇಲೆ, ಒಂದೊಂದು ಫೋಟೋ ಜೊತೆಗೂ ಅದರ ಅಡಿಬರಹ ಇಟ್ಟು. ಅಭ್ಯಾಸ ಮುಗಿದ ಮೇಲೆ, ಅಡಿಯಲ್ಲಿ ಯಾವ ಫೋಟೋವೂ ಇಲ್ಲದ ಬರೀ ಧೂಳನ್ನು ಅದರ ಮುಂದಿಟ್ಟು, ಇದರೊಳಗೆ ಮರುಭೂಮಿ ಇದೆ, ಒರೆಸಿ ತೋರಿಸು ಅನ್ನುತ್ತೇವೆ. ಯಂತ್ರ ಒರೆಸುತ್ತ ಹೋಗುತ್ತದೆ. ಮರುಭೂಮಿ ಎಂಬ ಅಡಿಬರಹದ ಕೆಳಗೆ ಅದು ಹೆಚ್ಚಾಗಿ ಏನು ಕಂಡಿತ್ತೋ ಅದೇ ಮೇಲೆದ್ದು ಬರುತ್ತದೆ.

ಅದು ಏನು ಕಂಡಿತ್ತು? 2022ರಲ್ಲಿ ಹೊರಬಂದ ಲಯಾನ್-5ಬಿ ಎಂಬ ಚಿತ್ರಸಂಗ್ರಹದಲ್ಲಿ 585 ಕೋಟಿ ಚಿತ್ರಗಳೂ ಅವುಗಳ ಅಡಿಬರಹಗಳೂ ಇದ್ದವು. ಈ ಬಗೆಯ ಎಐಗಳಲ್ಲಿ ಹೆಸರಾದ ಕೆಲವು ಕಲಿತದ್ದು ಅದರಿಂದಲೇ. ಅದರಲ್ಲಿ ಸುಮಾರು 232 ಕೋಟಿ ಅಡಿಬರಹಗಳು ಇಂಗ್ಲಿಷಿನವು. ಮರುಭೂಮಿಯ ಫೋಟೋ ತೆಗೆದು ಇಂಗ್ಲಿಷಿನಲ್ಲಿ ಅಡಿಬರಹ ಹಾಕುವವರು ಯಾರು? ಪ್ರವಾಸಿಗಳು, ಪ್ರವಾಸದ ಕಂಪನಿಗಳು, ಕ್ಯಾಲೆಂಡರ್ ಮಾಡುವವರು. ಒಂಟೆಯ ಸಾಲು ಬರುವವರೆಗೆ ಕಾದು, ಕರೆಂಟಿನ ಕಂಬ ಬಾರದ ಹಾಗೆ ಕ್ಯಾಮೆರಾ ತಿರುಗಿಸಿ ತೆಗೆದ ಫೋಟೋಗಳವು. ಸೋಲಾರ್ ಪ್ಲೇಟಿನ ಫೋಟೋ ತೆಗೆಸುವವರು ಅದನ್ನು ಮಾರುವವರು. ತೊಳೆದ ಪ್ಲೇಟಿನ ಮುಂದೆ, ಮೋಡವಿಲ್ಲದ ದಿನ ನೋಡಿಕೊಂಡು ತೆಗೆಸುತ್ತಾರೆ. ಕುರಿ ಮೇಯಿಸುವವನು ತನ್ನ ಹುಲ್ಲುಗಾವಲಿನ ಫೋಟೋ ತೆಗೆದು ಅಡಿಬರಹ ಹಾಕಿ ಲೋಕಕ್ಕೆ ಕಳಿಸಿದ್ದು ಎಷ್ಟು? ನನ್ನ ಮೊಮ್ಮಗಳ ಪೋಸ್ಟರಿನಲ್ಲಿ ಮನುಷ್ಯರು ಇಲ್ಲದಿರುವುದಕ್ಕೆ ಯಂತ್ರದ ದುರುದ್ದೇಶ ಕಾರಣವಲ್ಲ. ನಾವು ಮೊದಲೇ ತೆಗೆದು ಹಾಕಿದವರನ್ನು ಅದು ಎಲ್ಲಿಂದ ತಂದೀತು?

ಮರುಭೂಮಿಯನ್ನು ಖಾಲಿ ಹಾಳೆಯ ಹಾಗೆ ಕಂಡು ಅದರ ಮೇಲೆ ಸೂರ್ಯನ ಲೆಕ್ಕ ಹಾಕುವುದು ಎಐಗಿಂತ ಬಹಳ ಹಳೆಯ ಚಟ. ಅಮೆರಿಕದ ಫ್ರಾಂಕ್ ಶುಮನ್ 1913ರಲ್ಲಿ ಈಜಿಪ್ಟಿನ ಮಾದಿಯಲ್ಲಿ ಬಾಗಿದ ಕನ್ನಡಿಗಳಿಂದ ಉಗಿ ಎಬ್ಬಿಸಿ ನೈಲ್ ನದಿಯ ನೀರೆತ್ತಿ ತೋರಿಸಿದ. ಸಹಾರಾದ ಒಂದು ತುಂಡಿನಿಂದ ಲೋಕದ ಯಂತ್ರಗಳನ್ನೆಲ್ಲ ಓಡಿಸಬಹುದೆಂದು ಅವನು ಕನಸು ಕಂಡ. ಮರುವರ್ಷ ಯುದ್ಧ ಶುರುವಾಗಿ ಆ ಕನಸು ಅಲ್ಲಿಗೇ ನಿಂತಿತು. 2005ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ತಾಂತ್ರಿಕ ವಿಶ್ವವಿದ್ಯಾಲಯದ ನಾಡೀನೆ ಮೇ ಎಂಬ ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಉತ್ತರ ಆಫ್ರಿಕದ ನಕಾಶೆಯ ಮೇಲೆ ಮೂರು ಚೌಕಗಳನ್ನು ಬರೆದಳು. ಇಡೀ ಲೋಕಕ್ಕೆ ವಿದ್ಯುತ್ ಬೇಕಾದರೆ ಇಷ್ಟು ನೆಲ, ಯೂರೋಪಿಗೆ ಇಷ್ಟು, ಜರ್ಮನಿಗೆ ಇಷ್ಟು. ಅವಳ ಲೆಕ್ಕ ಪ್ರಾಮಾಣಿಕವಾದದ್ದು. ಆದರೆ ಆ ಚೌಕಗಳು ಪ್ರಬಂಧದಿಂದ ಹೊರಬಿದ್ದು ಊರೂರು ಅಲೆದವು. ಇವತ್ತಿಗೂ ಯಾರದೋ ಭಾಷಣದ ಹಿಂದಿನ ಪರದೆಯ ಮೇಲೆ ಅವು ಕಾಣುತ್ತವೆ. ನಕಾಶೆಯಲ್ಲಿ ಚೌಕದ ಒಳಗೆ ಒಂದು ಬಾವಿಯ ಗುರುತೂ ಇಲ್ಲ, ಒಂದು ಹಾದಿಯ ಗೆರೆಯೂ ಇಲ್ಲ.

ಕಲಾವಿದರಲ್ಲಿ ಈ ವಿಷಯಕ್ಕೆ ಗಟ್ಟಿಯಾಗಿ ಕೈ ಹಾಕಿದವರು ಐರ್ಲೆಂಡಿನ ಜಾನ್ ಜೆರಾರ್ಡ್. ಅಮೆರಿಕದ ನೆವಾಡಾ ಮರುಭೂಮಿಯ ಟೋನೋಪಾ ಎಂಬಲ್ಲಿ ಒಂದು ಗೋಪುರದ ಸುತ್ತ 10,000ಕ್ಕೂ ಹೆಚ್ಚು ಕನ್ನಡಿಗಳನ್ನು ನೆಟ್ಟ ಸ್ಥಾವರವಿದೆ. ಅದನ್ನು ಅವರು ಕಂಪ್ಯೂಟರಿನೊಳಗೆ ಪೂರ್ತಿಯಾಗಿ ಮತ್ತೆ ಕಟ್ಟಿ, 2014ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನ ಅಂಗಳದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸಿದರು. ಅದರಲ್ಲಿ ಎಐ ಇಲ್ಲ, ಲೆಕ್ಕಾಚಾರ ಇದೆ. ಆ ಜಾಗದ ಸೂರ್ಯ, ಚಂದ್ರ, ನಕ್ಷತ್ರಗಳು ಒಂದು ವರ್ಷದ ಉದ್ದಕ್ಕೆ ತಮ್ಮ ಹೊತ್ತಿಗೆ ಸರಿಯಾಗಿ ಮೂಡಿ ಮುಳುಗುತ್ತವೆ, ಕನ್ನಡಿಗಳು ಸೂರ್ಯನ ಜೊತೆ ತಿರುಗುತ್ತವೆ. ಜೆರಾರ್ಡ್ ಯಾರನ್ನೂ ಮೆಚ್ಚಿಸಲು ಹೋಗಿಲ್ಲ. ಆ ಒಂಟಿತನವನ್ನು ಒಂಟಿತನವೆಂದೇ ತೋರಿಸಿದ್ದಾರೆ. ನಿಜದ ಸ್ಥಾವರ 2019ರಲ್ಲಿ ಕೆಟ್ಟು ನಿಂತಾಗಲೂ ಅವರ ಪರದೆಯೊಳಗಿನ ಕನ್ನಡಿಗಳು ತಿರುಗುತ್ತಲೇ ಇದ್ದವು. ಚಿತ್ರಕ್ಕೂ ನೆಲಕ್ಕೂ ಇರುವ ಆ ಅಂತರ ನನ್ನನ್ನು ಬಹಳ ದಿನ ಕಾಡಿತು.

ಇನ್ನು ನಮ್ಮ ಊರಿಗೆ ಬರೋಣ. ಎಐ ಕಲೆ ಭಾರತದಲ್ಲಿ ಗ್ಯಾಲರಿಯ ಬಾಗಿಲು ದಾಟಿದ್ದು ಇಲ್ಲೇ, 2018ರ ಆಗಸ್ಟಿನಲ್ಲಿ, ನೇಚರ್ ಮೋರ್ಟ್ ಗ್ಯಾಲರಿಯ 'ಗ್ರೇಡಿಯಂಟ್ ಡಿಸೆಂಟ್' ಪ್ರದರ್ಶನದಲ್ಲಿ. ಇಡೀ ಪ್ರದರ್ಶನವೇ ಎಐ ಕಲೆಗೆ ಮೀಸಲಾಗಿದ್ದು ಈ ದೇಶದಲ್ಲಿ ಅದೇ ಮೊದಲು. ಅದನ್ನು ರೂಪಿಸಿದ 64/1 ಎಂಬ ಕೂಟದ ಒಂದು ಹೆಗಲು ನಮ್ಮ ಬೆಂಗಳೂರಿನ ಕಲಾವಿದ ರಾಘವ ಕೆ.ಕೆ., ಇನ್ನೊಂದು ಕಾರ್ತಿಕ್ ಕಲ್ಯಾಣರಾಮನ್. ಏಳು ಕಲಾವಿದರಲ್ಲಿ ಭಾರತದವರು ಒಬ್ಬರೇ, ಹರ್ಷಿತ್ ಅಗ್ರವಾಲ್. ಅವರೂ ಬೆಂಗಳೂರಿನಲ್ಲಿ ಕೆಲಸ ಮಾಡುವವರು. ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ಯಂತ್ರಕ್ಕೆ ಉಣಿಸಿ, ಮನುಷ್ಯನ ಒಡಲನ್ನು ಯಂತ್ರ ಹೇಗೆ ಬಗೆದು ನೋಡುತ್ತದೆ ಎಂದು ಅವರು ಕೇಳಿದರು. ನನಗೆ ಆ ಏಳು ಮಂದಿಯಲ್ಲಿ ಹೆಚ್ಚು ಹತ್ತಿರವಾದವರು ಲಂಡನ್ನಿನ ಆನಾ ರಿಡ್ಲರ್. ಅವರ ಟ್ಯೂಲಿಪ್ ಹೂಗಳ ಕೃತಿಗೆ ಅವರು ಯಾರ ಸಂಗ್ರಹವನ್ನೂ ಎರವಲು ತರಲಿಲ್ಲ. ನೆದರ್ಲೆಂಡ್ಸಿನಲ್ಲಿ ಹೂವಿನ ಕಾಲ ಮುಗಿಯುವವರೆಗೆ ಇದ್ದು, 10,000 ಹೂಗಳ ಫೋಟೋ ತಾವೇ ತೆಗೆದು, ಒಂದೊಂದರ ಕೆಳಗೂ ಕೈಯಾರೆ ಅಡಿಬರಹ ಬರೆದರು. ಯಂತ್ರಕ್ಕೆ ಉಣಿಸುವ ಅನ್ನವನ್ನು ತಾವೇ ಬೆಳೆದರು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ದೆಹಲಿಗೂ ಸೌರಶಕ್ತಿಗೂ ಇರುವ ನಂಟು ಇನ್ನೊಂದಿದೆ. ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ದಾರಿಯ ಗ್ವಾಲ್ ಪಹಾಡಿಯಲ್ಲಿ, ಅರಾವಳಿಯ ಕುರುಚಲಿನ ನಡುವೆ, ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಇದೆ. 1982ರಲ್ಲಿ ಸೋಲಾರ್ ಎನರ್ಜಿ ಸೆಂಟರ್ ಎಂಬ ಹೆಸರಿನಲ್ಲಿ ಶುರುವಾದದ್ದು. ಅದೇ ಆವರಣದಲ್ಲಿ 2016ರ ಜನವರಿ 25ರಂದು ಅಂತರರಾಷ್ಟ್ರೀಯ ಸೌರ ಒಕ್ಕೂಟದ ಕೇಂದ್ರ ಕಚೇರಿಗೆ ಭಾರತದ ಪ್ರಧಾನಿಯೂ ಫ್ರಾನ್ಸಿನ ಅಧ್ಯಕ್ಷರೂ ಅಡಿಗಲ್ಲು ಹಾಕಿದರು. ಸೂರ್ಯನ ಲೋಕನೀತಿಯ ಒಂದು ಕೊನೆ ಹೀಗೆ ನಮ್ಮ ನೆರೆಯಲ್ಲೇ ಇದೆ. ನಾವು ದಿನಾ ಹತ್ತುವ ಮೆಟ್ರೋ ಕೂಡ ಹಾಗೆಯೇ. ಮಧ್ಯಪ್ರದೇಶದ ರೇವಾದ 750 ಮೆಗಾವಾಟ್ ಸೋಲಾರ್ ಪಾರ್ಕಿನ ವಿದ್ಯುತ್ತಿನಲ್ಲಿ ಸುಮಾರು ಕಾಲು ಭಾಗ 2019ರಿಂದ ದೆಹಲಿ ಮೆಟ್ರೋಗೆ ಬರುತ್ತಿದೆ. ಮೊಮ್ಮಗಳ ಪೋಸ್ಟರು ಹುಟ್ಟಿದ್ದೂ ಎಲ್ಲೋ ಒಂದು ಡೇಟಾ ಸೆಂಟರಿನ ಕರೆಂಟಿನಿಂದಲೇ. 2024ರಲ್ಲಿ ಲೋಕದ ಡೇಟಾ ಸೆಂಟರುಗಳು ಒಟ್ಟು ವಿದ್ಯುತ್ತಿನ ನೂರಕ್ಕೆ ಒಂದೂವರೆ ಪಾಲನ್ನು ಬಳಸಿದವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಅಂಥ ಕಟ್ಟಡಗಳು ಗ್ರೇಟರ್ ನೋಯ್ಡಾದಲ್ಲೂ ಎದ್ದಿವೆ. ಹೀಗೆ ದೆಹಲಿಯ ದೀಪ ಎಲ್ಲೋ ಒಬ್ಬರ ನೆಲದ ಮೇಲೆ ಉರಿಯುತ್ತಿದೆ.

ಅಂಥ ನೆಲ ಹೇಗಿರುತ್ತದೆ? ಥಾರ್ ಮರುಭೂಮಿಯನ್ನೇ ನೋಡೋಣ. ಜೋಧಪುರದಿಂದ ಫಲೋದಿಯ ಕಡೆ ಹೋದವರಿಗೆ ಗೊತ್ತು, ಅಲ್ಲಿರುವುದು ಪೋಸ್ಟರಿನ ಮರಳಿನ ಅಲೆಯಷ್ಟೇ ಅಲ್ಲ. ಗಟ್ಟಿ ನೆಲ, ಕುರುಚಲು, ಸೇವಣ ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಜಗತ್ತಿನ ಮರುಭೂಮಿಗಳಲ್ಲಿ ಥಾರ್‌ನಷ್ಟು ಜನ ಒತ್ತಾಗಿ ಬಾಳುವವು ಬಹಳ ಕಡಿಮೆ. ಭಡ್ಲಾ ಸೋಲಾರ್ ಪಾರ್ಕು ಅಲ್ಲಿಯೇ ಇದೆ: 2,245 ಮೆಗಾವಾಟ್, ಸುಮಾರು 14,000 ಎಕರೆ. 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು ಎಂದು ನಾವು ಎಣಿಸುತ್ತೇವೆ, ಆದರೆ ಪ್ಲೇಟಿಗೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಅದರ ಶಕ್ತಿ ಸುಮಾರು ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಮೇಲಿಂದ ಧೂಳು. ನೀರಿಲ್ಲದ ನಾಡಿನಲ್ಲಿ ತೊಳೆಯುವುದು ಹೇಗೆ? ಅದಕ್ಕಾಗಿಯೇ ಭಡ್ಲಾದಲ್ಲಿ ನೀರು ಬಳಸದೆ ಬ್ರಷ್‌ನಿಂದ ಒರೆಸುವ ಯಂತ್ರಗಳು ಪ್ಲೇಟಿನ ಸಾಲುಗಳ ಮೇಲೆ ಓಡಾಡುತ್ತವೆ. ಮರುಭೂಮಿಯ ಸೌರಶಕ್ತಿಯ ನಿಜವಾದ ಕತೆ ಈ ಒರೆಸುವುದರಲ್ಲಿದೆ. ಯಾವ ಎಐ ಚಿತ್ರದಲ್ಲೂ ನಾನದನ್ನು ಕಂಡಿಲ್ಲ.

ಈ ನಾಡನ್ನು ಓದುವುದು ಹೇಗೆಂದು ದೆಹಲಿಯಲ್ಲೇ ಕೂತು ನಮಗೆ ಹೇಳಿಕೊಟ್ಟವರು ಅನುಪಮ್ ಮಿಶ್ರ. ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು, 2016ರ ಡಿಸೆಂಬರಿನಲ್ಲಿ ತೀರಿಕೊಂಡರು. 1995ರ ಅವರ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಪುಸ್ತಕ ನನ್ನ ಕಣ್ಣು ತೆರೆಸಿತು. ಮರುಭೂಮಿಯ ಜನ ನೀರನ್ನು ಮೂರು ಬಗೆಯಾಗಿ ಎಣಿಸುವುದನ್ನು ಅವರು ಬರೆದಿದ್ದಾರೆ. ಮಳೆಯಾಗಿ ಬಿದ್ದು ಕಣ್ಣಿಗೆ ಕಾಣುವುದು ಪಾಲರ್ ಪಾನಿ. ಬಾವಿಯ ಆಳದ್ದು ಪಾತಾಳ ಪಾನಿ. ಈ ಎರಡರ ನಡುವೆ ಮೂರನೆಯದಿದೆ. ಮರಳಿನ ಕೆಳಗೆ ಖಡಿಯಾದ, ಅಂದರೆ ಜಿಪ್ಸಮ್ಮಿನ, ಪದರವಿದ್ದ ಕಡೆ ಮಳೆನೀರು ಕೆಳಗಿಳಿಯಲಾರದೆ ಮರಳಿನಲ್ಲಿ ತೇವವಾಗಿ ನಿಲ್ಲುತ್ತದೆ. ಅದು ರೇಜಾಣಿ ಪಾನಿ. ಅದನ್ನು ಹಿಡಿಯಲು ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಕುಂಯಿ ತೋಡುತ್ತಾರೆ. ಹನಿ ಹನಿಯಾಗಿ ಬೆವರಿ ನೀರು ಕೂಡುತ್ತದೆ. ಮೇಲಿನಿಂದ, ಉಪಗ್ರಹದಿಂದ, ಪ್ರವಾಸಿಯ ಕ್ಯಾಮೆರಾದಿಂದ ನೋಡಿದರೆ ಇದೆಲ್ಲ ಬರೀ ಮರಳು. ಅಲ್ಲಿ ಬಾಳಿದವರಿಗೆ ಅದು ಮೂರು ಅಂತಸ್ತಿನ ನೀರಿನ ಮನೆ.

ಮರದ ಮಾತೂ ಹೀಗೆಯೇ. ಥಾರ್‌ನ ಉಸಿರು ಖೇಜ್ಡಿ ಮರ. ಕಾಯಿ ಸಾಂಗ್ರಿ ಪಲ್ಯಕ್ಕೆ, ಎಲೆ ಮೇಕೆಗೆ, ನೆರಳು ಹೊಲದ ಬೆಳೆಗೆ. ಖೇಜ್ಡಿ ಅಂದರೆ ಬೇರೆ ಯಾವುದೋ ಮರವಲ್ಲ, ನಮ್ಮ ಬನ್ನಿ. ಪಾಂಡವರು ಆಯುಧ ಅಡಗಿಸಿಟ್ಟ ಶಮಿ. ವಿಜಯದಶಮಿಯ ಸಂಜೆ ಎಲೆ ಹಂಚಿ ಹಿರಿಯರ ಕಾಲಿಗೆ ಬೀಳುತ್ತೇವಲ್ಲ, ಅದೇ. 1730ರಲ್ಲಿ ಜೋಧಪುರದ ದೊರೆಗೆ ಸುಣ್ಣದ ಗೂಡು ಉರಿಸಲು ಸೌದೆ ಬೇಕಾಗಿ ಖೇಜಡ್ಲಿ ಹಳ್ಳಿಗೆ ಕೊಡಲಿ ಬಂದಾಗ ಅಮೃತಾದೇವಿ ಮೊದಲಾಗಿ 363 ಮಂದಿ ಬಿಷ್ಣೋಯಿಗಳು ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು. ಈಚಿನ ವರ್ಷಗಳಲ್ಲಿ ಬಿಕಾನೇರ್ ಸೀಮೆಯಲ್ಲಿ ಸೋಲಾರ್ ಪಾರ್ಕಿಗೆಂದು ಖೇಜ್ಡಿ ಕಡಿಯುವುದರ ವಿರುದ್ಧ ಅದೇ ಜನ ಮತ್ತೆ ಬೀದಿಗೆ ಬಂದಿದ್ದಾರೆ. ಜೈಸಲ್ಮೇರಿನಲ್ಲಿ ಓರಣಗಳಿಗಾಗಿ ಹೋರಾಟ ನಡೆದಿದೆ. ಓರಣ ಅಂದರೆ ದೇವರ ಹೆಸರಿಗೆ ಬಿಟ್ಟ ಹುಲ್ಲುಗಾವಲು. ನಮ್ಮ ಮಲೆನಾಡಿನ ದೇವರಕಾಡಿಗೆ ಮರುಭೂಮಿಯ ತಮ್ಮ ಅನ್ನಿ. ಸರ್ಕಾರದ ದಾಖಲೆಯಲ್ಲಿ ಇಂಥ ಎಷ್ಟೋ ನೆಲ ಬಂಜರು ಎಂದೇ ಇದೆ.

ಮರದ ಹಾಗೆ ಹಕ್ಕಿಯ ಜಗಳವೂ ಇದೆ. ಮರುಭೂಮಿಯ ಗೋಡಾವಣ ಎಂಬ ಹಕ್ಕಿಯ ಕೇಸು ನಡೆದದ್ದು ಇಲ್ಲೇ ದೆಹಲಿಯಲ್ಲಿ, ತಿಲಕ್ ಮಾರ್ಗದ ಸುಪ್ರೀಂ ಕೋರ್ಟಿನಲ್ಲಿ. ನಮ್ಮ ಸಿರುಗುಪ್ಪದ ಎರೆನೆಲದಲ್ಲಿ ಎರೆಭೂತ ಎಂದು ಕರೆಯುವ ಹಕ್ಕಿ ಅದು. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಎದುರಿನದು ಸರಿಯಾಗಿ ಕಾಣದೆ, ಸೋಲಾರ್ ಪಾರ್ಕುಗಳಿಂದಲೂ ಹೊರಡುವ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. 2021ರ ಏಪ್ರಿಲಿನಲ್ಲಿ ಕೋರ್ಟು ಅದರ ನೆಲೆಯಲ್ಲಿ ತಂತಿಗಳನ್ನು ನೆಲದಡಿಗೆ ಹಾಕಲು ಹೇಳಿತು. 2024ರ ಮಾರ್ಚ್ 21ರಂದು ಆ ಆದೇಶವನ್ನು ಸಡಿಲಿಸಿ ಪರಿಣತರ ಸಮಿತಿಗೆ ಒಪ್ಪಿಸಿತು. ಹವಾಮಾನ ಬದಲಾವಣೆಯ ಕೇಡಿನಿಂದ ಪಾರಾಗುವುದು ಪ್ರಜೆಯ ಹಕ್ಕು ಎಂದೂ ಅದೇ ತೀರ್ಪಿನಲ್ಲಿ ಹೇಳಿತು. ಎರಡು ಕಡೆಯಲ್ಲೂ ನ್ಯಾಯ ಇರುವ ಇಂಥ ಜಗಳದಲ್ಲಿ ನನಗೆ ಸುಲಭದ ಉತ್ತರ ಹೊಳೆಯುವುದಿಲ್ಲ. ಆದರೆ ಹಕ್ಕಿಯನ್ನೇ ಕಾಣದ ಚಿತ್ರ ಈ ಜಗಳವನ್ನು ಶುರುವಾಗುವ ಮೊದಲೇ ಮುಗಿಸಿಬಿಡುತ್ತದೆ.

ಈಗ ನನ್ನ ಸೀಮೆಯ ಮಾತು. ನಾನು ಪಾವಗಡದ ಮಗ್ಗುಲಿನವನು. ಅಲ್ಲಿ ಮರಳುಗಾಡು ಇಲ್ಲ, ಬರ ಇದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ 'ಶಕ್ತಿಸ್ಥಳ' ಸೋಲಾರ್ ಪಾರ್ಕು ಹರಡಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು, ಅದನ್ನು ಎದೆ ತುಂಬಿ ಹೇಳುತ್ತೇನೆ. ಸರ್ಕಾರ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಬಿತ್ತಿದ ಕಡ್ಲೆಕಾಯಿ ವರ್ಷ ಬಿಟ್ಟು ವರ್ಷ ಒಣಗುತ್ತಿದ್ದ ಮನೆಗೆ ಇದು ಸಣ್ಣ ಮಾತಲ್ಲ.

ಪಹಣಿಯಲ್ಲಿ ಹೆಸರೇ ಇಲ್ಲದವರ ಮಾತು ಬೇರೆ. ಕಡ್ಲೆಕಾಯಿ ಕೀಳಲು, ಬಿಡಿಸಲು ಕೂಲಿಗೆ ಹೋಗುತ್ತಿದ್ದ ಹೆಂಗಸರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಪ್ಲೇಟಿನ ಕೆಳಗೆ ಬಿತ್ತನೆಯೂ ಇಲ್ಲ, ಕೂಲಿಯೂ ಇಲ್ಲ. ಸುಗ್ಗಿಯಾದ ಹೊಲದಲ್ಲಿ, ಬೀಳುಬಿದ್ದ ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಈಗ ತಂತಿಬೇಲಿ. ಬೇಲಿ ಬಂದ ಮೇಲೆ ಮಂದೆ ಮಾರಿದ ಮನೆಗಳು ಅಲ್ಲಿವೆ. ನಮ್ಮ ರೆವಿನ್ಯೂ ದಾಖಲೆಯಲ್ಲಿ ಖರಾಬು ಎಂಬ ಮಾತಿದೆ. ಸಾಗುವಳಿಗೆ ಬಾರದ್ದು ಅ-ಖರಾಬು, ದಾರಿ ಹಳ್ಳ ಮುಂತಾದವು ಬ-ಖರಾಬು. ಆ ಹಳ್ಳದ ದಂಡೆಯಲ್ಲೇ ಮೇಕೆ ಬೆಳೆದದ್ದು, ಆ ದಾರಿಯಲ್ಲೇ ಹಟ್ಟಿಯ ಜನ ನಡೆದದ್ದು. ಪಕ್ಕದ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಕತೆಯೂ ಇದೇ ಬಗೆಯದು. ಅರಸರ ಕಾಲದ ಹುಲ್ಲುಗಾವಲನ್ನು ಎಂದೂ ಯಾರೂ ಬಳಸದ ಬಯಲೆಂಬಂತೆ ಸಂಸ್ಥೆಗಳಿಗೆ ಹಂಚಿದರು. ಅದರಲ್ಲಿ ಒಂದು ಪಾಲು ಸೋಲಾರಿಗೂ ಹೋಯಿತು.

ಮೊಮ್ಮಗಳ ಪೋಸ್ಟರಿನ ಮರುದಿನ ನಾನೂ ಅದೇ ಎಐಯಲ್ಲಿ ಪಾವಗಡ ಎಂದು ಬರೆದು ಸೋಲಾರ್ ಚಿತ್ರ ಕೇಳಿದೆ. ಬಂದ ಚಿತ್ರದಲ್ಲಿ ಪಾವಗಡದ ಬಂಡೆಗುಡ್ಡಗಳಿರಲಿಲ್ಲ, ಹುಣಸೆ ಮರವಿರಲಿಲ್ಲ, ಕರಿಕಲ್ಲಿನ ಕಂಬದ ಬೇಲಿ ಇರಲಿಲ್ಲ. ಮತ್ತೆ ಅದೇ ಹೊನ್ನಿನ ಮರಳು. ನಾನು ಆಡಿ ಬೆಳೆದ ಸೀಮೆ ಸಹಾರಾ ಆಗಿತ್ತು. ಆ ಹೊತ್ತು ನನಗಾದ ನೋವನ್ನು ಹೇಗೆ ಹೇಳಲಿ? ನಮ್ಮ ಅವ್ವನ ಫೋಟೋ ಕೇಳಿದರೆ ಯಾರೋ ಚೆಲುವೆಯ ಫೋಟೋ ಕೊಟ್ಟ ಹಾಗಾಯಿತು.

ಹಾಗೆಂದು ಯಂತ್ರಕ್ಕೆ ಕಣ್ಣೇ ಇಲ್ಲವೆಂದು ನಾನು ಹೇಳಲಾರೆ. ಕಲ್ಪಿಸುವ ಎಐ ಒಂದಾದರೆ, ಇದ್ದದ್ದನ್ನು ಗುರುತಿಸುವ ಎಐ ಇನ್ನೊಂದು. 2022ರಲ್ಲಿ ಮೈಕ್ರೋಸಾಫ್ಟ್ ಮತ್ತು ದಿ ನೇಚರ್ ಕನ್ಸರ್ವೆನ್ಸಿಯ ಸಂಶೋಧಕರು ಉಪಗ್ರಹದ ಚಿತ್ರಗಳನ್ನು ಎಐಯಿಂದ ಓದಿಸಿ ಭಾರತದ 1,300ಕ್ಕೂ ಹೆಚ್ಚು ಸೋಲಾರ್ ತಾಣಗಳನ್ನು ಗುರುತಿಸಿ ಪ್ರಕಟಿಸಿದರು. ಆ ತಾಣಗಳ ಕೆಳಗೆ ಮೊದಲು ಯಾವ ನೆಲವಿತ್ತು ಎಂದು ನೋಡಿದಾಗ, ನೂರಕ್ಕೆ 74ಕ್ಕಿಂತ ಹೆಚ್ಚು ಭಾಗ ಬೇಸಾಯಕ್ಕೋ ನಿಸರ್ಗಕ್ಕೋ ಬೆಲೆಯಿದ್ದ ನೆಲವೆಂದು ಕಂಡುಬಂತು. ಖಾಲಿ ಖಾಲಿ ಎಂದು ಚಿತ್ರದಲ್ಲಿ ಬರೆದದ್ದನ್ನು ಮತ್ತೊಂದು ಯಂತ್ರವೇ ಎಣಿಸಿ, ಖಾಲಿ ಇರಲಿಲ್ಲ ಎಂದಿತು. ಯಂತ್ರಕ್ಕೆ ಏನು ತೋರಿಸಿ ಏನು ಕೇಳುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೆಲವನ್ನು ಖಾಲಿ ಎಂದು ತಪ್ಪಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯ ರಿಡ್ಜ್ ಕಾಡನ್ನೇ ನೋಡಿ. ಬ್ರಿಟಿಷರ ಕಣ್ಣಿಗೆ ಅದು ಬೋಳುಗುಡ್ಡವಾಗಿ ಕಂಡಿತು. ಹಸಿರು ಮಾಡಲು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ, ನೆಟ್ಟರು. ಅದು ನೆಲದ ಮರಗಳನ್ನು ನುಂಗಿ ನಿಂತಿದೆ. ಈಗ ಅದನ್ನು ತೆಗೆದು ಮೊದಲಿದ್ದ ಮರಗಳನ್ನು ತರಲು ಹೆಣಗುತ್ತಿದ್ದೇವೆ.

ಆನಾ ರಿಡ್ಲರರ 10,000 ಟ್ಯೂಲಿಪ್‌ಗಳಿಗೆ ಮತ್ತೆ ಬರುತ್ತೇನೆಂದು ಹೇಳಿದ್ದೆ. ದೊಡ್ಡ ಎಐಯನ್ನು ಹೊಸ ನೋಟಕ್ಕೆ ತಿದ್ದಲು ಇವತ್ತು ಅಷ್ಟು ಚಿತ್ರಗಳೂ ಬೇಡ, ಕೆಲವು ನೂರು ಸಾಕು. ಇಲ್ಲಿ ಕಾಲೇಜಿಗೆ ಹೋಗುವ ಕನ್ನಡದ ಮಕ್ಕಳು ಬಹಳ ಮಂದಿ ಕೂತಿದ್ದೀರಿ. ರಜೆಗೆ ಊರಿಗೆ ಹೋದಾಗ, ಇಲ್ಲವೇ ಗೆಳೆಯರ ಜೊತೆ ಜೈಸಲ್ಮೇರಿಗೆ ಹೋದಾಗ, ಬೇಲಿಯ ಈಚೆ ನಿಂತು ಫೋಟೋ ತೆಗೆಯಿರಿ. ಪ್ಲೇಟು ಒರೆಸುವ ಕೈ, ಸಾಲುಗಳ ನಡುವೆ ಎದ್ದ ಹುಲ್ಲು, ಕಡಿದ ಬನ್ನಿಯ ಬುಡ, ಗುತ್ತಿಗೆಯ ದುಡ್ಡಿನಲ್ಲಿ ಮಗಳನ್ನು ಓದಿಸಿದ ಮನೆ, ಕೂಲಿ ತಪ್ಪಿದ ಮನೆ. ಅಲ್ಲಿಯವರನ್ನು ಕೇಳಿ, ಅವರು ಹೇಳಿದ ಹೆಸರನ್ನೇ ಅಡಿಬರಹವಾಗಿ ಬರೆಯಿರಿ. ಕಾವಲು ಅಂದರೆ ಕಾವಲು, ಓರಣ ಅಂದರೆ ಓರಣ, ಖರಾಬು ಎಂದು ದಾಖಲೆ ಅಂದರೆ ಅದರ ಪಕ್ಕದಲ್ಲಿ ಹಟ್ಟಿಯವರು ಅದನ್ನು ಏನೆನ್ನುತ್ತಾರೋ ಅದು. ಆ ಚಿತ್ರಗಳನ್ನು ಉಣಿಸಿದ ಯಂತ್ರದ ಮುಂದೆ ಕೂತು ಆಮೇಲೆ ಕೇಳೋಣ, ಮರುಭೂಮಿಯಲ್ಲಿ ಸೂರ್ಯನನ್ನು ಬರೆದು ತೋರಿಸು ಎಂದು. ಬೆಳೆ ಮತ್ತು ಪ್ಲೇಟು ಒಂದೇ ಹೊಲದಲ್ಲಿ ನಿಂತ ಚಿತ್ರ ಬರಬಹುದು. ಮಂದೆ ಹಾಯಲು ದಾರಿ ಬಿಟ್ಟ ಬೇಲಿ ಬರಬಹುದು. ಯಾವುದು ಬರುತ್ತದೋ ನೋಡುವ ಆಸೆ ನನಗಿದೆ. ಈ ಉಪನ್ಯಾಸವನ್ನು ನಡೆಸುವ ದತ್ತಿಯ ಬಡ್ಡಿಯಲ್ಲಿ ಮುಂದಿನ ವರ್ಷ ಇಂಥದೊಂದು ಸಂಗ್ರಹಕ್ಕೆ ಒಂದು ಪಾಲು ಕೊಡಿ ಎಂದು ಅಧ್ಯಕ್ಷರನ್ನೂ ದಾನಿಗಳ ಮನೆಯವರನ್ನೂ ಕೈಮುಗಿದು ಕೇಳುತ್ತೇನೆ.

ಮೊದಲ ಇಪ್ಪತ್ತು ಫೋಟೋಗಳನ್ನು ನಾನೇ ತಂದಿದ್ದೇನೆ. ದಯವಿಟ್ಟು ದೀಪ ಆರಿಸಿ. ಇದು ತಿರುಮಣಿಯ ಹತ್ತಿರ, ಬೆಳಗಿನ ಏಳು ಗಂಟೆ. ಪ್ಲೇಟಿನ ಮೇಲೆ ಬೆರಳಿನಿಂದ ಯಾರೋ ಧೂಳಿನಲ್ಲಿ ತಮ್ಮ ಹೆಸರು ಬರೆದಿದ್ದಾರೆ, ಅರ್ಧ ಅಳಿಸಿಹೋಗಿದೆ. ಬೇಲಿಯಾಚೆ ಕಾಣುತ್ತಿರುವುದು ಬನ್ನಿ ಮರ.